ನಲವತ್ತಮೂರನೇ ನಂಬರಿನ ಲಾರಿ

"ಮತ್ತೆ ಬಂದ್ಯಾ? ಹೋದ ತಿಂಗಳೇ ಹೇಳಿದ್ನಲ್ಲಪ್ಪಾ, ನಮ್ಮಪ್ಪನ ಸುದ್ದಿ ಈ ಮನೇಲಿ ಎತ್ತಬೇಡ ಅಂತ!" ಹೊಲಿಗೆಯಜ್ಜಿ ಯಂತ್ರದ ಚಕ್ರ ನಿಲ್ಲಿಸದೆಯೇ ಗದರಿದರು. ವಯಸ್ಸು ಎಂಬತ್ತೈದು ದಾಟಿದ್ದರೂ ಆಸ್ಪತ್ರೆಗೆ ದಿಂಬಿನ ಚೀಲ ಹೊಲಿದುಕೊಡುವುದನ್ನು ಬಿಟ್ಟಿರಲಿಲ್ಲ. ಅವರ ಕತ್ತರಿಯ ಮೊನಚಾಗಲಿ ನಾಲಿಗೆಯ ಮೊನಚಾಗಲಿ ಹೋಗಿರಲಿಲ್ಲ.

ಮೆಕ್ಯಾನಿಕ್ ಹೊಸ್ತಿಲಾಚೆಯೇ ನಿಂತ. ಮೂವತ್ತೈದು ವರ್ಷ ಲಾರಿಗಳ ಕೆಳಗೆ ಮಲಗಿ ರಿಪೇರಿ ಮಾಡಿದವನಿಗೆ ನಿವೃತ್ತಿಯಾದ ಮೇಲೆ ಹೊಸ ಹುಚ್ಚು ಹಿಡಿದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮರುಭೂಮಿಯ ಕಾವಲು ಠಾಣೆಗಳಿಗೆ ನೀರು, ಹಿಟ್ಟು, ಮದ್ದುಗುಂಡು ಸಾಗಿಸುತ್ತಿದ್ದ ಸೈನ್ಯದ ಲಾರಿ ತುಕಡಿಯೊಂದರ ಚರಿತ್ರೆ ಬರೆಯಬೇಕು. 'ಎಂಜಿನ್ ಬಿಚ್ಚಿದ ಕೈಗೆ ಕಡತ ಬಿಚ್ಚೋದೇನು ಮಹಾ' ಎಂದು ದಾಖಲೆ ಕಚೇರಿಗೆ ಹೋದವನು ಎರಡು ವರ್ಷ ಅಲ್ಲಿಯ ಧೂಳು ಕುಡಿದ. ತುಕಡಿಯ ಇನ್ನೂರಹತ್ತು ಚಾಲಕರ ಪಟ್ಟಿಯಲ್ಲಿ ಒಂದೇ ಒಂದು ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ಬರೆದಿತ್ತು: 'ಲಾರಿ ಸಮೇತ ಪರಾರಿ.' ಆ ಚಾಲಕನ ಒಬ್ಬಳೇ ಮಗಳು ಈ ಅಜ್ಜಿ.

"ಇವತ್ತು ಕೇಳೋಕೆ ಬಂದಿಲ್ಲಮ್ಮ, ಹೇಳೋಕೆ ಬಂದಿದ್ದೀನಿ," ಎಂದ. "ನಿಮ್ಮಪ್ಪ ಓಡಿಹೋಗಿರಲಿಲ್ಲ."

ಯಂತ್ರ ನಿಂತಿತು.

"ನೋಡಪ್ಪಾ, ಪರಾರಿಯವನ ಮಗಳು ಅನ್ನಿಸ್ಕೊಂಡೇ ಬೆಳೆದವಳು ನಾನು. ಅಮ್ಮ ಸಾಯೋವರೆಗೂ ದಾರಿ ಕಾದ್ಲು. ಅಪ್ಪ ಬರ್ತಾನೆ ಅಂತಲ್ಲ, ಬಂದ್ರೆ ಎರಡು ಬಿಗಿಯೋಣ ಅಂತ! ಈಗ ನನ್ನ ಸಮಾಧಾನಕ್ಕೆ ನೀನು ಕತೆ ಕಟ್ಟಬೇಡ."

"ಕಟ್ಟೋಕೆ ನಂಗೆ ಬರಲ್ಲ. ಬಿಚ್ಚೋದಷ್ಟೇ ಗೊತ್ತು," ಎನ್ನುತ್ತ ಅವನು ಒಳಗೆ ಬಂದು, ಬಟ್ಟೆಯ ರಾಶಿಯನ್ನು ಸರಿಸಿ ಬೆಂಚಿನ ತುದಿಗೆ ಕೂತ. ಲಾರಿ ಕಾಣೆಯಾದ ದಿನ ಮರಳುಗಾಳಿ ಎದ್ದು ಲಾರಿಗಳ ಸಾಲನ್ನೆಲ್ಲ ಅಧಿಕಾರಿ ಹಿಂದಕ್ಕೆ ತಿರುಗಿಸಿದ್ದ; ಅಜ್ಜಿಯ ಅಪ್ಪ ಓಡಿಸುತ್ತಿದ್ದ ನಲವತ್ತಮೂರನೇ ನಂಬರಿನ ಲಾರಿ ಮಾತ್ರ ಹಿಂದಿರುಗಲಿಲ್ಲ. ತುಕಡಿಯ ಪುಸ್ತಕಕ್ಕೆ ಗೊತ್ತಿದ್ದದ್ದು ಅಷ್ಟೆ. ಮುಂದಿನ ಸಂಗತಿ ಕಾವಲು ಠಾಣೆಯ ದಿನಚರಿಯಲ್ಲಿತ್ತು. ಆ ದಿನಚರಿ ಬೇರೊಂದು ಪಡೆಯ ಕಾಗದಗಳ ನಡುವೆ ಸೇರಿಹೋಗಿ, ಎರಡನ್ನೂ ಒಟ್ಟಿಗಿಟ್ಟು ನೋಡುವವರಿಲ್ಲದೆ ಎಂಬತ್ತು ವರ್ಷ ಬಿದ್ದಿತ್ತು. ಹೋದ ಮಂಗಳವಾರ ಅವನ ಕೈಗೆ ಸಿಕ್ಕಿತು. ಜೇಬಿನಿಂದ ನಕಲು ತೆಗೆದು, ತಡವರಿಸುತ್ತ ಓದಿದ:

'ಬಾವಿ ಬತ್ತಿ ಮೂರು ದಿನ. ಮಧ್ಯಾಹ್ನ ಒಂದು ಲಾರಿ ಬಂತು, ನಂಬರ್ ನಲವತ್ತಮೂರು. ನೀರು ಮೂವತ್ತಾರು ಡಬ್ಬಿ. ದಾರಿಯಲ್ಲಿ ಶತ್ರು ವಿಮಾನ ಗುಂಡು ಹಾರಿಸಿದೆ. ರೇಡಿಯೇಟರಿನ ತೂತುಗಳಿಗೆ ಸೋಪು ಮೆತ್ತಿದೆ. ಚಾಲಕ ಒಬ್ಬನೇ, ಕುತ್ತಿಗೆಗೆ ಪೆಟ್ಟಾಗಿ ಮಾತು ಹೊರಡುತ್ತಿಲ್ಲ. ಹೆಸರು ಕೊರೆದ ಕೊರಳ ಬಿಲ್ಲೆಯೂ ಕಿತ್ತುಹೋಗಿದೆ. ಸಂಜೆ ತೀರಿಕೊಂಡ. ಹೆಸರು ತಿಳಿಯಲಿಲ್ಲ. ಹದಿನೇಳು ಜನವೂ ಸೇರಿ ಮಣ್ಣು ಮಾಡಿದೆವು.'

"ಅಂಥ ಲಾರೀನ ನಾನಾಗಿದ್ರೆ ಹತ್ತು ಮಾರು ಓಡಿಸ್ತಿರಲಿಲ್ಲಮ್ಮ," ಎಂದ ಮೆಕ್ಯಾನಿಕ್, ಕಾಗದ ಮಡಚುತ್ತ.

"ನೀರು... ಅವರಿಗೆಲ್ಲ ಸಾಕಾಯ್ತಂತಾ?"

"ಹನ್ನೊಂದು ದಿನ ಬಂತು. ಹನ್ನೆರಡನೇ ದಿನ ಬೇರೆ ಪಡೆ ಬಂದು ಅವರನ್ನ ಕರ್ಕೊಂಡು ಹೋಯ್ತು. ಹದಿನೇಳಕ್ಕೆ ಹದಿನೇಳೂ ಜನ ಬದುಕಿದ್ರು."

"ಹಾಗಾದ್ರೆ ಅಮ್ಮ ಬೈದಿದ್ದೆಲ್ಲ ಸುಮ್ನೆ ಹೋಯ್ತಲ್ಲೋ!" ಎಂದು ಅಜ್ಜಿ ನಕ್ಕರು. ನಗುತ್ತಿದ್ದಂತೆಯೇ ಅಳು ಬಂತು. ಹೊಲಿಯುತ್ತಿದ್ದ ದಿಂಬಿನ ಚೀಲದಲ್ಲೇ ಮುಖ ಒರೆಸಿಕೊಂಡರು. ಮೆಕ್ಯಾನಿಕ್ ಯಂತ್ರದ ಕೆಳಗೆ ಬಗ್ಗಿ, ಸಡಿಲವಾಗಿದ್ದ ಬೆಲ್ಟನ್ನು ಎಳೆದು ಸರಿಮಾಡಿದ.

ಅಳು ಇಳಿದ ಮೇಲೆ ಅವನು ಇನ್ನೊಂದು ಸಂಗತಿ ಹೇಳಿದ. ಆ ದಿನಚರಿ ಬರೆದ ಹವಾಲ್ದಾರನ ಮೊಮ್ಮಗಳ ಫೋನ್ ನಂಬರ್ ಸಿಕ್ಕಿದೆ. ಮಾತಾಡುತ್ತೀರಾ?

"ಗುರುತಿಲ್ಲ ಪರಿಚಯವಿಲ್ಲ, ಏನಂತ ಮಾತಾಡ್ಲಿ?" ಎಂದರಾದರೂ, ಅವನು ನಂಬರ್ ಒತ್ತುವಷ್ಟರಲ್ಲಿ ಅಜ್ಜಿ ಕನ್ನಡಕ ಏರಿಸಿ, ಆ ಕಡೆಯವರಿಗೆ ಕಾಣಿಸುತ್ತದೇನೋ ಎಂಬಂತೆ ತಲೆಗೂದಲು ಸರಿಮಾಡಿಕೊಂಡಿದ್ದರು.

"ನಾನು... ನಲವತ್ತಮೂರನೇ ನಂಬರ್ ಲಾರಿ ಓಡಿಸ್ತಿದ್ರಲ್ಲ, ಅವರ ಮಗಳು."

ಆ ಕಡೆಯಿಂದ ಒಂದು ಹೆಣ್ಣುದನಿ ಕೂಗಿಕೊಂಡಿತು. "ನೀರಣ್ಣನ ಮಗಳಾ? ಅಯ್ಯೋ, ಫೋನ್ ಇಡಬೇಡಿ! ನಮ್ಮಜ್ಜ ಅವರನ್ನ ಹಾಗೇ ಕರೀತಿದ್ದಿದ್ದು. ಜೀವ ಉಳಿಸಿದವನನ್ನ ಹೆಸರು ತಿಳೀದೆ ಮಣ್ಣು ಮಾಡಿದ್ವಲ್ಲಾ ಅಂತ ಕೊನೇವರೆಗೂ ಕೊರಗಿದ್ರು. ಇರಿ, ಮನೆಯವರನ್ನೆಲ್ಲ ಕರೀತೀನಿ." ಕುರ್ಚಿ ಎಳೆದ ಸದ್ದು, ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳು, ಯಾರೋ ಯಾರನ್ನೋ ಸುಮ್ಮನಿರಿಸಿದ್ದು. "ಈಗ ಹೇಳಿ. ಏನು ಅವರ ಹೆಸರು?"

ಅಜ್ಜಿ ಗಂಟಲು ಸರಿಮಾಡಿಕೊಂಡು ತಂದೆಯ ಹೆಸರು ಹೇಳಿದರು. ಆ ಕಡೆ ಹೆಣ್ಣುದನಿ ಅದನ್ನು ಹಾಗೆಯೇ ಹೇಳಿತು. ಹಿಂದೆಯೇ ಒಂದು ಗಂಡುದನಿ, ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೆ ಇನ್ನೂ ತೊದಲುವ ಮಗುವೊಂದು ಅರ್ಧ ಹೆಸರನ್ನು ನುಂಗಿ, ಉಳಿದರ್ಧವನ್ನು ಜೋರಾಗಿ ಕೂಗಿತು.

"ಹಾಗಲ್ಲ ಪುಟ್ಟಾ," ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇನ್ನೊಂದ್ಸಲ ಹೇಳ್ತೀನಿ, ಕೇಳಿಸ್ಕೋ."