ಕೊಳವೆಯ ಬಾಯಿ

ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿದ್ದ ಗಾಜಿನ ಫ್ಯೂಮ್ ಹುಡ್ ಒಳಗೆ ಬ್ರೋಮಿನ್ ಕೆಂಗಂದು ಹೊಗೆ ಕಾರುತ್ತಿತ್ತು. ಆ ವಿಷಗಾಳಿಯನ್ನೆಲ್ಲ ಹೀರಿ, ಛಾವಣಿಯ ಮೇಲಿನ ಕೊಳವೆಯಿಂದ ಹೊರಕ್ಕೆ ತಳ್ಳುವುದೇ ಹುಡ್‌ನ ಕೆಲಸ. ಸುತ್ತ ನಿಂತಿದ್ದ ಹುಡುಗ ಹುಡುಗಿಯರು ಬಿಡದೆ ಕೆಮ್ಮುತ್ತಿದ್ದರು.

“ಮೇಡಂ, ನಿಲ್ಲಿಸಿಬಿಡೋಣ. ಹುಡ್ ಎಳೀತಾ ಇಲ್ಲ ಅನ್ಸುತ್ತೆ,” ಎಂದ ಹೊಸ ಅಧ್ಯಾಪಕ.

“ಅಲ್ನೋಡ್ರೀ,” ಎಂದರು ವಿಭಾಗದ ಮುಖ್ಯಸ್ಥೆ. ಹುಡ್‌ನ ಅಂಚಿಗೆ ಅಂಟಿಸಿದ್ದ ಟಿಶ್ಯೂ ಪೇಪರಿನ ಚೂರು ಒಳಮುಖವಾಗಿ ಪಟಪಟನೆ ಹಾರಾಡುತ್ತಿತ್ತು. “ಗಾಳಿ ಒಳಗೇ ಹೋಗ್ತಾ ಇದೆ. ಇದು ಸೆಕೆಗೆ ಬಂದ ಕೆಮ್ಮು. ಹುಡುಗರ ಹಿಂದಿರೋ ಆ ಟೇಬಲ್ ಫ್ಯಾನ್ ಇನ್ನೂ ಸ್ವಲ್ಪ ಜೋರು ಮಾಡಿ.”

ಫ್ಯಾನ್ ಜೋರಾಯಿತು. ಪೇಪರಿನ ಚೂರು ಇನ್ನೂ ಜೋರಾಗಿ ಒಳಕ್ಕೆ ಬಾಗಿತು.

ಅಧ್ಯಾಪಕ ಒಮ್ಮೆ ಫ್ಯಾನನ್ನೂ ಒಮ್ಮೆ ಪೇಪರನ್ನೂ ದಿಟ್ಟಿಸಿ ನೋಡಿದ. ಛಾವಣಿಗೆ ಓಡಿದ. ಮರಳಿ ಬಂದಾಗ ಏದುಸಿರು ಬಿಡುತ್ತಿದ್ದ.

“ಮೇಡಂ, ಕೊಳವೆ ಬಾಯಿ ಪೂರ್ತಿ ಮುಚ್ಚೋ ಹಾಗೆ ಪಾರಿವಾಳ ಗೂಡು ಕಟ್ಟಿದೆ. ಒಳಗೆ ಎರಡು ಮರಿ ಇವೆ.”

ಮನೆಯಲ್ಲಿ ಇರುವೆಗೂ ಪುಡಿ ಹಾಕದ ಮುಖ್ಯಸ್ಥೆಯ ಮುಖ ಬಿಳಿಚಿಕೊಂಡಿತು.

“ಅಯ್ಯೋ! ಇಷ್ಟು ದಿನ ಆ ವಿಷಾನೆಲ್ಲ ಅವುಗಳ ಮೇಲೇ ಬಿಟ್ಟಿದ್ದೀವಲ್ರೀ! ಎಂಥಾ ಪಾಪ ಆಗೋಯ್ತು... ಸತ್ತು ಹೋಗಿದಾವಾ?”

ಕಣ್ಣೀರು ಸುರಿಸುತ್ತ ಕೆಮ್ಮುತ್ತಿದ್ದ ವಿದ್ಯಾರ್ಥಿಗಳ ಕಡೆ ಅಧ್ಯಾಪಕ ತಿರುಗಿದ.

“ಇಲ್ಲ ಮೇಡಂ. ಅವಕ್ಕೇನೂ ಆಗಿಲ್ಲ. ಗುಂಡುಗುಂಡಾಗಿ ಬೆಳೆದಿವೆ.”