ಲವಂಗ ಬೆರೆತ ಗಂಧ

ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದ ದಾನೇಶ್ವರಿಯ ಮೂಗಿಗೆ ಆ ವಾಸನೆ ಬಡಿಯಿತು. ಲವಂಗ, ಕರಿಮೆಣಸು, ಅದರಡಿಯಲ್ಲಿ ಹಳೆಯ ಗಂಧದ ಕೊರಡು. ತನ್ನನ್ನು ನೋಡಲು ಬಂದು ಸಾಲಾಗಿ ಕೂತಿದ್ದ ಏಳು ಗಂಡಸರಲ್ಲಿ ಅದು ಯಾರದೆಂದು ತಲೆಯೆತ್ತಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಅಡುಗೆಮನೆಗೆ ಬಂದವಳೇ ಅವ್ವನ ಸೆರಗು ಹಿಡಿದಳು.

“ಯವ್ವಾ, ದಿನಾ ಬಸ್ಸಿನ್ಯಾಗ ನನ್ನ ಹಿಂದ ನಿಂತು ಮೈಗೆ ಕೈ ಹಾಕ್ತಾನಂತ ಹೇಳಿದ್ನಲ್ಲ, ಅವ ಹೊರಗ ಕುಂತಾನ.”

“ಯಾರವಾ? ಹುಡುಗನ ಏನು?”

“ತಿರುಗಿ ಮಾರಿ ನೋಡಾಕ ನನಗ ಒಮ್ಮೆನೂ ಧೈರ್ಯ ಆಗಿಲ್ಲ. ಲವಂಗದ ವಾಸನಿ ಮಾತ್ರ ಅವಂದ.”

ಅವ್ವ ಬೈಯಲಿಲ್ಲ, ಬಾಯಿ ಮುಚ್ಚು ಎನ್ನಲಿಲ್ಲ. “ಹುಡುಗಂದ ಆಗಿದ್ರ ಈ ಸಂಬಂಧ ಇಲ್ಲಿಗೇ ಮುಗೀತು” ಎಂದವಳು ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡು ಹೊರಟಳು. ಒಬ್ಬೊಬ್ಬರ ಮುಂದೆಯೂ ಬಗ್ಗಿ, ಉಸಿರು ಎಳೆದುಕೊಂಡು, ತಟ್ಟೆ ಹಿಡಿದಳು. ಮರಳಿ ಬಂದಾಗ ಅವಳ ಮುಖ ಬಾಡಿತ್ತು.

“ಎಲ್ಲಾರ ಮೈಮ್ಯಾಲೂ ಅದ ವಾಸನಿ ಐತಿ, ಮಗಳ.”

ಅಷ್ಟರಲ್ಲಿ ಅಪ್ಪ ನಗುತ್ತ ಒಳಬಂದ.

“ಮಾತು ಕೊಟ್ಟಬಿಟ್ಟೆ ನೋಡು. ಅವರ ಮನಿ ಗಂಡಸರೆಲ್ಲ ಇದ ಅತ್ತರ ಹಚ್ಚತಾರಂತ. ಎಂಥಾ ಗಂಭೀರ ವಾಸನಿ! ಇಂಥಾದ್ದು ಹಚ್ಚೋ ಮನಿಷಾ ಹಲ್ಕಾ ಇರಾಕ ಸಾಧ್ಯನ ಇಲ್ಲ.”

ಅವ್ವ ಎಲೆ ಅಡಿಕೆಯ ತಟ್ಟೆ ಕೆಳಗಿಟ್ಟು ಮಗಳ ಪಕ್ಕಕ್ಕೆ ಬಂದು ನಿಂತಳು.

“ಇನ್ನ ನಾವೂ ಅವರೂ ಒಂದ ಅಂತ ನನಗೂ ಹಚ್ಚಿದ್ರು” ಎನ್ನುತ್ತ ಅಪ್ಪ ತನ್ನ ಮುಂಗೈಯನ್ನು ಮಗಳ ಮೂಗಿಗೆ ಹಿಡಿದ.