ಕಂಬದ ಗುಡ್ಡ

"ಆರು ಜಾಗ ಬರ್ದಿದೀಯ. ಏಳನೇದೆಲ್ಲಿ?"

ಹಾಲ್ದಿಸ್ ಮುದುಕಿ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೇಳಿದಳು. ವ್ಯಾನಿನ ಸ್ಟೀರಿಂಗ್ ಮೇಲೆ ಸುನ್ನಿವಾಳ ಬೆರಳುಗಳು ಬಿಗಿದವು.

"ಬರೀತೀನಿ ಅಕ್ಕ. ಸೋಮವಾರದವರೆಗೂ ಟೈಮಿದೆ."

ಲೊಫೊಟೆನ್‌ನ ಆ ದ್ವೀಪದಲ್ಲಿ ನೋಡಲೇಬೇಕಾದ ಏಳು ಜಾಗಗಳ ಬಗ್ಗೆ ನಾಲ್ಕು ನಾಲ್ಕು ಸಾಲು ಬರೆದುಕೊಡು ಎಂದು ಊರಿನ ಕಚೇರಿಯವರು ಕೇಳಿದ್ದರು. ಮೂವತ್ತು ವರ್ಷ ಪ್ರವಾಸಿಗರನ್ನು ಸುತ್ತಿಸಿದವಳಿಗೆ ಅದೇನು ಕಷ್ಟ? ಬಿಳಿ ಮರಳಿನ ಕೊಲ್ಲಿ, ಮೀನು ಒಣಹಾಕುವ ಅಟ್ಟಗಳು, ರಾತ್ರಿಯೂ ಸೂರ್ಯ ಮುಳುಗದ ಬಯಲು, ಎಲ್ಲ ಸಲೀಸಾಗಿ ಬಂದವು. ಏಳನೆಯದು ಕಂಬದ ಗುಡ್ಡ. ಹೆಸರು ಬರೆದಳು, ಹೊಡೆದುಹಾಕಿದಳು. ಆ ಗುಡ್ಡಕ್ಕೆ ಅವಳು ಯಾರನ್ನೂ ಕರೆದೊಯ್ದವಳಲ್ಲ. ಕೇಳಿದವರಿಗೆ, ದಾರಿ ಜಾರುತ್ತದೆ ಎನ್ನುತ್ತಿದ್ದಳು.

"ನನ್ನ ಅಲ್ಲಿಗೇ ಕರ್ಕೊಂಡು ಹೋಗು," ಎಂದಳು ಹಾಲ್ದಿಸ್.

"ಜಾರುತ್ತೆ ಅಕ್ಕ."

"ಹೊಸ ರಸ್ತೆ ತುದೀವರೆಗೂ ಹೋಗುತ್ತಂತೆ. ಎಂಬತ್ತಾಯ್ತು ನಂಗೆ, ಇನ್ನು ಎಲ್ಲಿಗೆ ಜಾರ್ಲಿ? ಜರ್ಮನಿಯವರಿಗೆಲ್ಲ ಊರು ತೋರಿಸ್ತೀಯ, ಪಕ್ಕದ ಮನೆಯವಳಿಗೆ ಒಂದು ಗುಡ್ಡ ತೋರ್ಸಕ್ಕೆ ಏನು ದೊಡ್ಡ ರೋಗ?"

ಸುನ್ನಿವಾ ಗೇರು ಬದಲಿಸಿದಳು. ಐವತ್ತು ವರ್ಷಗಳಿಂದ ಆ ಗುಡ್ಡದ ಕಡೆ ತಲೆಯೆತ್ತಿಯೂ ನೋಡದ ಮುದುಕಿಗೆ ಇವತ್ತೇನು ಬಂತು? ಹಾಲ್ದಿಸ್ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಸರಿ, ಇವತ್ತೇ ಹೇಳಿಬಿಡಬೇಕು. ಹೇಳದೆ ಆ ನಾಲ್ಕು ಸಾಲು ಬರೆದರೆ ಕೈ ಸೇದಿಹೋದೀತು.

ಗುಡ್ಡದ ನೆತ್ತಿಯಲ್ಲಿ ಬಿಳಿ ಬಳಿದ ಕಂಬ. ಬುಡಕ್ಕೆ ಕಲ್ಲು ಒತ್ತಿ ನಿಲ್ಲಿಸಿದ್ದು. ಕೆಳಗೆ ದಡದಲ್ಲಿ ದೋಣಿಮನೆಯ ಬಿಳಿ ಗೋಡೆ. ಸಮುದ್ರದಿಂದ ನೋಡುವವನಿಗೆ ಕಂಬವೂ ಗೋಡೆಯೂ ಒಂದೇ ಗೆರೆಯಲ್ಲಿ ಕಂಡರೆ ದಾರಿ ಸರಿ. ತಪ್ಪಿದರೆ ನೀರಿನಡಿ ಅಡಗಿದ ಕಲ್ಲು, ಮುದುಕಿ ಬಂಡೆ ಎಂದು ಅದರ ಹೆಸರು. ಈಗ ದೋಣಿಗಳಲ್ಲಿ ಯಂತ್ರವೇ ದಾರಿ ತೋರಿಸುತ್ತದೆ. ಆಗ ಕಂಬವೇ ದೇವರು. ಅದನ್ನು ಮುಟ್ಟಬಾರದು, ಅದು ಸರಿದಿದ್ದು ಕಂಡವರು ಸರಿಮಾಡದೆ ಗುಡ್ಡ ಇಳಿಯಬಾರದು. ತೊಟ್ಟಿಲ ಮಗುವಿಗೂ ಗೊತ್ತಿದ್ದ ಕಟ್ಟಳೆ ಅದು.

ನೆತ್ತಿ ತಲುಪಿ ಇಬ್ಬರೂ ಕಂಬದೆದುರಿನ ಬೆಂಚಿನ ಮೇಲೆ ಕೂತರು. ಸುನ್ನಿವಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಲೋಟವನ್ನು ಹಾಲ್ದಿಸ್‌ಳ ಕೈಗಿತ್ತಳು.

"ಬರೀ ಕೈಯಲ್ಲಿ ಬಂದಿದೀಯ? ನಾನು ಹೆಣೆದುಕೊಟ್ಟ ಕೈಗವಸು ಎಲ್ಲಿ?"

ಪ್ರತಿ ಕ್ರಿಸ್ಮಸ್ಸಿಗೂ ಹಾಲ್ದಿಸ್ ಒಂದು ಜೊತೆ ಕೆಂಪು ಕೈಗವಸು ಹೆಣೆದು ಸುನ್ನಿವಾಳ ಬಾಗಿಲಿಗೆ ಸಿಕ್ಕಿಸಿ ಹೋಗುವಳು. ಪ್ರತಿ ಚಳಿಗಾಲದಲ್ಲೂ ಸುನ್ನಿವಾ ಬಲೆಗೆ ಬಿದ್ದ ಮೊದಲ ಮೀನನ್ನು ಅವಳ ಮನೆಗೆ ಒಯ್ಯುವಳು. ಕೈಗವಸು ಸುನ್ನಿವಾಳಿಗೆ ಕೆಂಡದಂತೆ ಸುಡುತ್ತಿತ್ತು. ಧನ್ಯವಾದ ಹೇಳಹೋದರೆ ಮುದುಕಿ ಮುಖ ತಿರುಗಿಸಿ, "ಸಾಕು, ಸುಮ್ನಿರು," ಎನ್ನುವಳು.

"ಅಕ್ಕ, ಆ ದಿನ ಕಂಬ ಸರಿಸಿದ್ದು ನಾನು."

ಸುನ್ನಿವಾ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು.

ಹದಿನಾರರ ಹುಡುಗಿ ಆಗ. ದಕ್ಷಿಣದಿಂದ ಬಂದ ಫೋಟೋದವನು ಚೆಂದದ ಜಾಗ ತೋರಿಸೆಂದ. ಇಲ್ಲಿಗೆ ಕರೆತಂದಳು. ಕಂಬ ನೋಟ ಕೆಡಿಸುತ್ತದೆ, ಸ್ವಲ್ಪ ಆಚೆ ಇಡೋಣ ಎಂದ. ಇಬ್ಬರೂ ಕಿತ್ತು ಇಪ್ಪತ್ತು ಹೆಜ್ಜೆ ಉತ್ತರಕ್ಕೆ ನಿಲ್ಲಿಸಿದರು. ಒಂದು ಚಾಕೊಲೇಟ್ ಕೊಟ್ಟ. ಇನ್ನೊಂದು ಜಾಗ ತೋರಿಸು ಎಂದ. ಕಂಬ ಮರೆತೇ ಹೋಯಿತು. ಅವಳ ಕೆಂಪು ಕೈಗವಸೊಂದೂ ಎಲ್ಲೋ ಬಿತ್ತು. ಮೂರು ಗಂಟೆಗೆ ಹಿಮದ ಮಬ್ಬು ಕವಿಯಿತು. ಮೀನು ಹಿಡಿದು ಮರಳುತ್ತಿದ್ದ ಮೂವರ ದೋಣಿ ಮುದುಕಿ ಬಂಡೆಗೆ ಬಡಿಯಿತು. ಹಾಲ್ದಿಸ್‌ಳ ಗಂಡ ಅಸ್ಲಾಕ್ ಹೋದ. ಸುನ್ನಿವಾಳ ಅಣ್ಣ ಐವಿಂದ್ ಹೋದ. ಅಸ್ಲಾಕ್‌ನ ತಮ್ಮ ಕ್ನೂತ್‌ನನ್ನು ಮಾತ್ರ ಜೀವಂತ ಎಳೆದು ತಂದರು. ಕತ್ತಲಾಗುವ ಮೊದಲೇ ಅವನೂ ಹಾಲ್ದಿಸ್‌ಳ ಅಡುಗೆಮನೆಯಲ್ಲಿ ಉಸಿರು ಬಿಟ್ಟ.

"ಮಾರನೇ ಬೆಳಿಗ್ಗೆ ಓಡಿ ಬಂದೆ ಅಕ್ಕ. ಕಂಬ ಅದರ ಜಾಗದಲ್ಲೇ ಇತ್ತು. ನನ್ನ ಪಾಪ ಯಾರೋ ಮುಚ್ಚಿದ್ರು. ಯಾರಿಗೋ ಗೊತ್ತಿತ್ತು. ಐವತ್ತು ವರ್ಷ ಎಲ್ರ ಮುಖ ನೋಡ್ದೆ. ಯಾರೂ ಒಂದು ಮಾತು ಆಡ್ಲಿಲ್ಲ. ನೀನು ಬೈಯಿ, ಹೊಡಿ, ಏನಾದ್ರೂ ಮಾಡು."

ಹಾಲ್ದಿಸ್ ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟು ಕಂಬದತ್ತ ತಿರುಗಿದಳು.

"ಕ್ನೂತ್ ಸಾಯೋವಾಗ ಹೇಳ್ದ. ಹನ್ನೊಂದು ಗಂಟೆಗೇ ದೋಣಿಯಿಂದ ನೋಡಿದ್ರಂತೆ, ಕಂಬ ಸರಿದಿದೆ ಅಂತ. ಅಸ್ಲಾಕ್ ನಕ್ಕನಂತೆ, ಯಾವನೋ ಪೇಟೆಯವನ ಕಿತಾಪತಿ ಅಂತ. ಎಷ್ಟು ಸರಿದಿದೆ ಅಂತ ಕಣ್ಣಲ್ಲೇ ಅಳೆದು, ವಾಪಸ್ ಬರೋವಾಗ ಮಬ್ಬಲ್ಲಿ ಕಂಡ ಕಂಬದಿಂದ ಅಷ್ಟು ಪಕ್ಕಕ್ಕೆ ಬಿಟ್ಟೇ ದೋಣಿ ತಿರುಗಿಸಿದ್ರಂತೆ. 'ಅಷ್ಟು ಬಿಟ್ಟಿದ್ವಲ್ಲ ಅತ್ತಿಗೆ, ಆದ್ರೂ ಹೇಗೆ ಬಡೀತು?' ಅದನ್ನೇ ಕೇಳ್ತಾ ಕೇಳ್ತಾ ಹೋದ."

ಸುನ್ನಿವಾಳಿಗೆ ಅರ್ಥವಾಗಲಿಲ್ಲ. ಮುದುಕಿ ಕೈಚೀಲ ಬಿಚ್ಚಿದಳು. ಬಣ್ಣ ಕಳೆದುಕೊಂಡ, ಒಂಟಿ, ಕೆಂಪು ಕೈಗವಸನ್ನು ತೆಗೆದು ಅವಳ ಮಡಿಲಲ್ಲಿಟ್ಟಳು.

"ಕಂಬದ ಬುಡದಲ್ಲಿ ಬಿದ್ದಿತ್ತು ಇದು. ದೋಣಿ ಕಾಣುತ್ತಾ ಅಂತ ನೋಡೋಕೆ ಹತ್ತಿದ್ದೆ, ಕಂಬ ಸರಿದಿತ್ತು, ಕಟ್ಟಳೆ ಕಟ್ಟಳೇನೇ ಅಂತ ಕಿತ್ತು ತಂದು ಹಳೇ ಕುಳಿಗೇ ನೆಟ್ಟು ಇಳಿದೆ ಸುನ್ನಿವಾ, ಅವರಿನ್ನೂ ಸಮುದ್ರದಲ್ಲಿದ್ರು, ಆಗಿನ್ನೂ ಮಧ್ಯಾಹ್ನ ಹನ್ನೆರಡೂವರೆ."